ಜೇಡ ಜೋಪಾನ

ದಂಡೆ ಇರಲಿಲ್ಲ.

ಲಕ್ಷ್ಮಣಪ್ಪ ಮೊದಲು ತಾನೇ ದಾರಿ ತಪ್ಪಿದೆನೇನೋ ಅಂದುಕೊಂಡ. ಹುಟ್ಟಿ ಬೆಳೆದ ಹನುಮಸಾಗರದಲ್ಲಿ, ಅಪ್ಪನ ಕಾಲದ ಹೊಲದಲ್ಲಿ, ದಾರಿ ತಪ್ಪುವುದೆಲ್ಲಿಂದ ಬಂತು? ಬೇವಿನ ಮರ ಅಲ್ಲೇ ಇತ್ತು. ಹನಿ ನೀರಿಲ್ಲದ ಹಳ್ಳವೂ ಅಲ್ಲೇ ಇತ್ತು. ಅವೆರಡರ ನಡುವೆ ಆಳೆತ್ತರಕ್ಕೆ ನಿಂತಿದ್ದ ಮಣ್ಣಿನ ದಂಡೆ ಮಾತ್ರ ಇರಲಿಲ್ಲ. ಅದಿದ್ದ ಜಾಗದಲ್ಲಿ ಗುದ್ದಲಿಯ ಹೊಸ ಗುರುತುಗಳು, ಮಣ್ಣು ಹೊರುವ ಪುಟ್ಟಿ ಎಳೆದಾಡಿದ ಗೆರೆಗಳು, ಬಂಡಿಯ ಗಾಲಿಯ ಜಾಡು. ಯಾವನೋ ಪುಣ್ಯಾತ್ಮ ಹಲ್ಲು ಕಿತ್ತ ಹಾಗೆ ಬುಡಸಮೇತ ಕಿತ್ತುಕೊಂಡು ಹೋಗಿದ್ದ.

ಕೈಯಲ್ಲಿದ್ದ ತಗಡಿನ ಪೆಟ್ಟಿಗೆ ನೆಲಕ್ಕೆ ಬಿತ್ತು. ಒಳಗಿನ ಸೀಸೆಗಳು ಖಣಖಣ ಅಂದವು. ಅವನ ಕಿವಿಗೆ ಅದು ಕೇಳಿಸಲಿಲ್ಲ. ಸಿಟ್ಟು ಅಂಗಾಲಿನಿಂದ ಹೊರಟು ನೆತ್ತಿಗೇರುತ್ತಿತ್ತು.

ಆ ದಂಡೆಯಲ್ಲಿ ಏನಿತ್ತು ಅಂತೀರಾ? ಬಂಗಾರ ಇರಲಿಲ್ಲ. ಜೇಡ ಇತ್ತು. ಮೂಲೆಯಲ್ಲಿ ಬಲೆ ಕಟ್ಟಿಕೊಂಡು ನೊಣಕ್ಕೆ ಕಾಯುವ ಮನೆಯ ಜೇಡವಲ್ಲ. ಇದು ಮಣ್ಣಿನಲ್ಲಿ ಗೇಣುದ್ದದ ಬಿಲ ಕೊರೆದು, ಒಳಗೆಲ್ಲ ರೇಷ್ಮೆಯ ಅಸ್ತರಿ ಹಚ್ಚಿ, ಬಾಯಿಗೆ ಒಂದು ಕದ ಕೂರಿಸಿಕೊಳ್ಳುವ ಜೇಡ. ಎಂಟಾಣೆಯಷ್ಟಗಲದ ಕದ, ಮಣ್ಣು ಮತ್ತು ರೇಷ್ಮೆ ಕಲಸಿ ಮಾಡಿದ್ದು, ಒಂದು ಕಡೆ ರೇಷ್ಮೆಯದೇ ಬಿಜಾಗರಿ. ಮುಚ್ಚಿದರೆ ನಿಮ್ಮ ಮೂಗು ತಾಗಿಸಿ ನೋಡಿದರೂ ಗೊತ್ತಾಗುವುದಿಲ್ಲ. ಹುಳ ಹತ್ತಿರ ಸುಳಿದರೆ ಕದ ತೆರೆದು, ಹಿಡಿದು, ಮುಚ್ಚಿಕೊಳ್ಳುತ್ತದೆ. ಬಹಳ ಪುರಾತನ ಕುಲ. ಬೇರೆ ಜೇಡಗಳ ಕೋರೆಹಲ್ಲು ಎಡದಿಂದ ಬಲದಿಂದ ಇಕ್ಕಳದಂತೆ ಕೂಡಿದರೆ, ಇದರ ಹಲ್ಲುಗಳು ಗುದ್ದಲಿಯ ಹಾಗೆ ಮೇಲಿನಿಂದ ಕೆಳಕ್ಕೆ ಬೀಳುತ್ತವೆ. ರಾಯಚೂರಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದ ಲಕ್ಷ್ಮಣಪ್ಪ ರಜೆಯಲ್ಲಿ ಊರಿಗೆ ಬಂದಾಗ ಒಂದು ದಿನ ಆ ದಂಡೆಗೆ ಒರಗಿ ಕೂತಿದ್ದ. ಬೆರಳಿನ ಪಕ್ಕದಲ್ಲೇ ಮಣ್ಣು ಕಣ್ಣು ತೆರೆದ ಹಾಗೆ ತೆರೆದು ಮುಚ್ಚಿಕೊಂಡಿತ್ತು. ಅಂದಿನಿಂದ ಅವನಿಗೆ ಬೇರೆ ಯಾವುದರಲ್ಲೂ ರುಚಿ ಉಳಿಯಲಿಲ್ಲ.

ಹೆಣ್ಣು ಜೇಡಗಳನ್ನು ಹಿಡಿದು, ಕಾಲಿನ ಮುಳ್ಳು, ಕಣ್ಣಿನ ಸಾಲು ಎಲ್ಲ ನೋಡಿ, ಇದು ಯಾವ ಪುಸ್ತಕದಲ್ಲೂ ಇಲ್ಲದ ಜಾತಿ ಎಂದು ಗಟ್ಟಿ ಮಾಡಿಕೊಂಡ. ಮದರಾಸಿನಲ್ಲಿ ಜೇಡಗಳ ಮೇಲೆ ದೊಡ್ಡ ಗ್ರಂಥ ಬರೆಯುತ್ತಿದ್ದ ಪಂಡಿತರೊಬ್ಬರಿಗೆ ಕಳಿಸಿದ. ಅವರು ಸೊಟ್ಟ ಮೋರೆ ಮಾಡಿ ಬರೆದರು: ಹೆಣ್ಣೊಂದನ್ನೇ ನೋಡಿ ಹೊಸ ಜಾತಿ ಅನ್ನಲಾಗದು, ಗಂಡು ಬೇಕು, ಈ ಮಳೆಗಾಲ ಮುಗಿಯುವುದರೊಳಗೆ ಗಂಡು ಕಳಿಸಿದರೆ ಹೊಸ ಹೆಸರು ನಿಮ್ಮದು, ಇಲ್ಲದಿದ್ದರೆ ನಿಮ್ಮ ಜೇಡವನ್ನು ಹಳೆಯದೊಂದು ಹೆಸರಿನಲ್ಲಿ ಸೇರಿಸಿ ಗ್ರಂಥವನ್ನು ಅಚ್ಚಿಗೆ ಕೊಡುತ್ತೇನೆ.

ಗಂಡಿನ ಮುಖದ ಮುಂದಿರುವ ಎರಡು ಗಿಡ್ಡ ಕೈಗಳ ತುದಿಯಲ್ಲಿ ಸಾಸಿವೆಗಿಂತ ಚಿಕ್ಕದೊಂದು ಗುಂಡು, ಅದರಿಂದ ಹೊರಟ ಒಂದು ಕೊಂಕು ಮುಳ್ಳು ಇರುತ್ತದೆ. ಒಂದೊಂದು ಜಾತಿಗೆ ಒಂದೊಂದು ಆಕಾರ. ಅದೇ ಗುರುತು, ಅದೇ ಸಾಕ್ಷಿ. ಆದರೆ ಗಂಡು ಸಿಗುವುದು ಸುಮ್ಮನಲ್ಲ. ಹೆಣ್ಣು ವರ್ಷಗಟ್ಟಲೆ ಒಂದೇ ಬಿಲದಲ್ಲಿರುತ್ತದೆ. ಗಂಡು ವಯಸ್ಸಿಗೆ ಬಂದ ಮೇಲೆ, ಮೊದಲ ಮಳೆಗೆ ನೆಲ ಮೆತ್ತಗಾದಾಗ ಒಮ್ಮೆ ಹೊರಗೆ ಬಂದು ಹೆಣ್ಣನ್ನು ಹುಡುಕುತ್ತದೆ, ಆಮೇಲೆ ಸತ್ತುಹೋಗುತ್ತದೆ. ಹಿಂದಿನ ಎರಡು ಮಳೆಗಾಲ ಲಕ್ಷ್ಮಣಪ್ಪನಿಗೆ ರಜೆ ಹೊಂದಲಿಲ್ಲ. ಈ ಸಲ ಹಠ ಹಿಡಿದು ರಜೆ ತೆಗೆದುಕೊಂಡು, ಮೃಗಶಿರಾ ಮಳೆ ಇನ್ನೂ ಮುಖ ತೋರಿಸದಿರುವಾಗಲೇ ರೈಲು ಹತ್ತಿ, ಕೊಪ್ಪಳದಲ್ಲಿಳಿದು, ಇದ್ದಿಲ ಹೊಗೆ ಕಾರುವ ಯುದ್ಧಕಾಲದ ಮೋಟಾರಿನಲ್ಲಿ ಕುಷ್ಟಗಿಗೆ ಬಂದು, ಅಲ್ಲಿಂದ ಟಾಂಗಾ ಹಿಡಿದು, ಮನೆಗೂ ಹೋಗದೆ ನೆಟ್ಟಗೆ ಹಳ್ಳಕ್ಕೆ ಬಂದಿದ್ದ.

ಬಂದು ನೋಡಿದರೆ ದಂಡೆಯೇ ಇಲ್ಲ.

ಮನೆಯ ಬಾಗಿಲಲ್ಲಿ ಅಣ್ಣ ಗವಿಸಿದ್ದಪ್ಪ ನಗುನಗುತ್ತ ನಿಂತಿದ್ದ. ಅಪ್ಪ ಹೋದ ಮೇಲೆ ತಮ್ಮನನ್ನು ಓದಿಸಿದವನು ಅವನೇ. ತಾನು ಅಕ್ಷರದ ಮುಖ ನೋಡದೆ ಎತ್ತಿನ ಬಾಲ ಹಿಡಿದುಕೊಂಡು ಉಳಿದವನು. ತಮ್ಮನನ್ನು ಕಂಡ ಕೂಡಲೇ ಕೈ ಹಿಡಿದು ಒಳಗೆಳೆದ.

"ಬಾರೋ ಮಾಸ್ತರಾ, ಬಾ. ನೀರು ಆಮ್ಯಾಲ ಕುಡೀವಂತಿ. ಮೊದಲ ಕೋಲಿ ನೋಡು ಬಾ."

ಜೋಳದ ಚೀಲ ಇಡುವ ಕೋಲಿಯ ಬಾಗಿಲು ತೆಗೆದ. ಒಳಗೆ ನೆಲದಿಂದ ತೊಲೆಯವರೆಗೆ ಹಳ್ಳದ ದಂಡೆ ತುಂಬಿಕೊಂಡಿತ್ತು. ಹೆಂಟೆಯ ಮೇಲೆ ಹೆಂಟೆ ಒಪ್ಪವಾಗಿ ಪೇರಿಸಿಟ್ಟಿದ್ದ. ಚೀಲಗಳೆಲ್ಲ ಪಡಸಾಲೆಗೆ ಬಂದಿದ್ದವು.

"ಒಂದು ಹನಿ ನೀರು ತಾಗಿಲ್ಲ ನೋಡು. ನಾನು, ಗ್ಯಾನಪ್ಪ, ಅವನ ಮಕ್ಕಳು ಎಲ್ಲಾರೂ ಕೂಡಿ ಹೊತ್ತೀವಿ. ಮಳಿ ಬಿದ್ರ ಜೇಡಿ ಎಲ್ಲಾ ಕೊಚ್ಚಿಗೊಂಡು ಹೋಗತಿತ್ತು. ನೀ ಖಬರು ಕಳಿಸಿದ್ದು ಛಲೋ ಆತು."

"ಯಾವ ಖಬರು?"

"ಯಮನೂರಸಾಬನ ಕೈಯಾಗ ಹೇಳಿ ಕಳಿಸಿದ್ದಿಲ್ಲೇನು? ಮಳಿ ಹತ್ತೂದ್ರೊಳಗ ಬರ್ತೀನಿ, ಅಲ್ಲೀತನಕ ಜೇಡಿ ಜೋಪಾನ ಮಾಡ್ರಿ ಅಂತ."

ಯಮನೂರಸಾಬ ಕುಷ್ಟಗಿಯ ಟಾಂಗಾದವನು. ಯುಗಾದಿಗೆ ಬಂದು ಹೋಗುವಾಗ ಲಕ್ಷ್ಮಣಪ್ಪ ಅವನಿಗೆ ಹೇಳಿದ್ದು ನಿಜ. ನೆರೆಹೊಲದ ಗ್ಯಾನಪ್ಪನ ಎಮ್ಮೆಗಳು ಆ ದಂಡೆ ಹತ್ತಿ ಇಳಿಯುವುದನ್ನು ಕಂಡು, ಕುಷ್ಟಗಿಯಲ್ಲಿ ಟಾಂಗಾ ಇಳಿಯುತ್ತ, "ಮಳೆ ಹತ್ತುವುದರೊಳಗೆ ಬರುತ್ತೇನೆ, ಅಲ್ಲಿಯವರೆಗೆ ಜೇಡ ಜೋಪಾನ ಎಂದು ಅಣ್ಣನಿಗೆ ಹೇಳು" ಎಂದಿದ್ದ. ಜೇಡ ಅಂದಿದ್ದ. ಅದು ಹನುಮಸಾಗರ ಮುಟ್ಟುವಷ್ಟರಲ್ಲಿ ಜೇಡಿಯಾಗಿತ್ತು, ಜೇಡಿಮಣ್ಣಾಗಿತ್ತು. ಮಣ್ಣನ್ನು ಜೋಪಾನ ಮಾಡುವುದೆಂದರೆ ಏನು? ಮಳೆಗೆ ಸಿಗದ ಹಾಗೆ ಅಗೆದು ಒಳಗಿಡುವುದು. ಗವಿಸಿದ್ದಪ್ಪ ಅಷ್ಟನ್ನೂ ಮೈಮುರಿದು ಮಾಡಿದ್ದ.

ಲಕ್ಷ್ಮಣಪ್ಪ ಒಂದು ಹೆಂಟೆ ಎಳೆದು ಒಡೆದ. ಒಳಗೆ ರೇಷ್ಮೆಯ ಕೊಳವೆ ಹರಿದಿತ್ತು. ಅದರಲ್ಲಿ ಒಂದು ಹೆಣ್ಣು ಜಜ್ಜಿಹೋಗಿ ಒಣಗಿತ್ತು. ಇನ್ನೊಂದು ಒಡೆದ. ಅದರಲ್ಲೂ ಅದೇ ಗತಿ. ಮತ್ತೊಂದರಲ್ಲಿ ಬರೀ ಕಾಲುಗಳು. ನಿಧಾನವಾಗಿ ಒಂದೊಂದೇ ಹೆಂಟೆ ಬಿಡಿಸಿ ನೋಡಿದ್ದರೆ ಏನಾದರೂ ಸಿಗುತ್ತಿತ್ತೋ ಏನೋ. ಅವನ ಸಿಟ್ಟು ಅವನನ್ನು ಅಲ್ಲಿ ನಿಲ್ಲಗೊಡಬೇಕಲ್ಲ! ಕೈಯಲ್ಲಿದ್ದ ಹೆಂಟೆಯನ್ನು ಗೋಡೆಗೆ ಬೀಸಿ ಒಗೆದ.

"ಏನು ಮಾಡಿಬಿಟ್ಟೆಯೋ ಅಣ್ಣಾ! ಮಣ್ಣು ಯಾರಿಗೆ ಬೇಕಾಗಿತ್ತು? ಈ ಹೆಂಟೆ ಕಟ್ಟಿಕೊಂಡು ನಾನೇನು ಮಾಡಲಿ, ಕೋಟೆ ಕಟ್ಟಲೇನು? ನನಗೆ ಬೇಕಾಗಿದ್ದು ಇದರೊಳಗಿನ ಜೇಡ. ಜೇಡ!"

ಗವಿಸಿದ್ದಪ್ಪನ ನಗು ಮುಖದ ಮೇಲೆಯೇ ನಿಂತುಹೋಯಿತು. "ಜೇಡಿನ ಅಲ್ಲೇನೋ ಇದು? ಕೋಲಿ ತುಂಬ ಅದನ್ನ ಇಟ್ಟೀನಲ್ಲೋ ಮಾರಾಯಾ."

"ನಿನ್ನ ತಲೆಯಲ್ಲಿ ತುಂಬಿದೆ ಜೇಡಿ! ನಾನೊಂದು ಹೇಳಿದರೆ ನೀನೊಂದು ಮಾಡುತ್ತೀಯ. ಎಮ್ಮೆ ತುಳಿದಿದ್ದರೂ ಇಷ್ಟು ಹಾಳಾಗುತ್ತಿರಲಿಲ್ಲ. ಎಮ್ಮೆಯ ಕೈಯಲ್ಲಾದರೂ ಗುದ್ದಲಿ ಇರುವುದಿಲ್ಲ!"

ಅತ್ತಿಗೆ ಪಾರಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. ಲಕ್ಷ್ಮಣಪ್ಪನಿಗೆ ತುತ್ತು ಮಾಡಿ ಉಣ್ಣಿಸಿ ಬೆಳೆಸಿದವಳು ಅವಳು. ಕೈಯಲ್ಲಿ ರೊಟ್ಟಿ ತಿರುವುವ ಬಟ್ಟೆ ಹಾಗೇ ಇತ್ತು.

"ಯಾರಿಗೆ ಅಂತೀದಿ ಆ ಮಾತು? ಬೆನ್ನು ನೋಡಿದ್ಯೇನು ನಿಮ್ಮಣ್ಣಂದು? ಪುಟ್ಟಿ ಹೊತ್ತು ಹೊತ್ತು ಸುಲದೈತಿ. ಕೈಕಾಲು ತೊಳಕೊಂಡು ಉಣ್ಣಾಕ ಬಾ ಸುಮ್ಮನ."

"ಹಸಿವಿಲ್ಲ" ಎಂದು ಲಕ್ಷ್ಮಣಪ್ಪ ಹೊರಗೆ ನಡೆದ. ಅಣ್ಣನ ಬೆನ್ನು ನೋಡಲಿಲ್ಲ. ನೋಡಿದ್ದರೆ ಸಿಟ್ಟು ಇಳಿಯುತ್ತಿತ್ತು, ಅದು ಅವನಿಗೆ ಬೇಕಾಗಿರಲಿಲ್ಲ.

ಮರುದಿನದಿಂದ ಬೆಳಗಾದರೆ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದ. ಗುಡ್ಡದ ಸಂದಿ, ಕೆರೆಯ ಏರಿ, ಬೇರೆ ಹಳ್ಳಗಳ ದಂಡೆ, ಎಲ್ಲ ಕಡೆ ಮೊಣಕಾಲೂರಿ ಬೆರಳಾಡಿಸಿ ಹುಡುಕಿದ. ಒಂದು ಕದ ಸಿಗಲಿಲ್ಲ. ಒಂದು ಕಡೆ ಬರೀ ಕಲ್ಲು, ಇನ್ನೊಂದು ಕಡೆ ಬರೀ ಉಸುಕು. ಹುಡುಕುತ್ತ ಹುಡುಕುತ್ತ ಬಾಯಿಗೆ ಬಂದವರನ್ನೆಲ್ಲ ಬೈದ. ಯಮನೂರಸಾಬನನ್ನು ಬೈದ: ಒಂದು ಮಾತನ್ನು ನಾಲ್ಕೈದು ಹರದಾರಿ ಹೊತ್ತುಕೊಂಡು ಹೋಗಲು ಬಾರದ ಕಿವುಡ. ಪಂಡಿತರನ್ನು ಬೈದ: ಮದರಾಸಿನಲ್ಲಿ ಕುರ್ಚಿಯ ಮೇಲೆ ಕೂತು ಗಂಡು ಬೇಕಂತೆ ಗಂಡು, ಮದುವೆ ಮಾಡುತ್ತಾರೇನೋ! ಅಣ್ಣನನ್ನಂತೂ ಹೆಜ್ಜೆಗೊಮ್ಮೆ ಬೈದ. ಮನೆಯಲ್ಲಿ ಮಾತು ಬಿಟ್ಟ. ತಾಟಿನ ಮುಂದೆ ಕೂತರೆ ಬಿಗಿದ ಮುಖ ಬಿಡಿಸುತ್ತಿರಲಿಲ್ಲ. ಬೈಯಿಸಿಕೊಳ್ಳದೆ ಉಳಿದವನು ಒಬ್ಬನೇ ಒಬ್ಬ, ಅವನೇ.

ಇತ್ತ ಗವಿಸಿದ್ದಪ್ಪನ ತಲೆಯಲ್ಲಿ ತಮ್ಮನ ಮಾತು ಸುತ್ತುತ್ತಲೇ ಇತ್ತು. ಬೈದದ್ದು ನೋವಾಗಿತ್ತು. ಅದು ಬೇರೆ. ಆದರೆ ಹುಡುಗ ಕೇಳಿದ್ದಾದರೂ ಏನು? ಮಣ್ಣು ಬೇಡ, ಮಣ್ಣಿನೊಳಗಿನ ಜೇಡಿ ಬೇಕು ಅಂದ. ಒಂದು ದಿನ ಎತ್ತಿಗೆ ನೀರು ಕುಡಿಸುವಾಗ ಅವನಿಗೆ ಥಟ್ಟನೆ ಹೊಳೆಯಿತು.

"ಪಾರೀ, ಗೊತ್ತಾತು ನನಗ! ಅವಗ ಒಡ್ಡ ಮಣ್ಣು ಬ್ಯಾಡಂತ. ನೆನಿಹಾಕಿ, ಕಲ್ಲು ಬ್ಯಾರು ತಗದು, ಸೋಸಿ, ತೆಳಗ ಕುಂಡ್ರತೈತಲ್ಲ ನುಣ್ಣಂದು, ಅದು ಬೇಕಂತ. ಒಳಗಿನ ಜೇಡಿ. ಮೊದಲ ಬಿಚ್ಚಿ ಹೇಳಿದ್ರ ಅವತ್ತ ಸೋಸಿ ಇಡತಿದ್ನೆಲ್ಲ ನಾ!"

"ಮಾತು ಬಿಚ್ಚಿ ಹೇಳಿದ್ರ ಅವನ ಗಂಟು ಏನು ಹೋಗತೈತೋ" ಎಂದಳು ಪಾರಮ್ಮ. "ಹೆಂಗೂ ಮಣ್ಣೆತ್ತಿನ ಅಮಾಸಿ ಬಂತು. ಸೋಸಿದ್ರಾಗ ನನಗೊಂದು ಮುದ್ದಿ ಕೊಡು, ಎತ್ತು ಮಾಡ್ತೀನಿ."

ಅಮಾವಾಸ್ಯೆಯ ದಿನ ಬೆಳಿಗ್ಗೆ, ಊರೆಲ್ಲ ಪೂಜೆಗೆ ಮಣ್ಣಿನ ಎತ್ತು ಮಾಡುವ ಹೊತ್ತಿನಲ್ಲಿ, ಗವಿಸಿದ್ದಪ್ಪ ಕೋಲಿಯ ಹೆಂಟೆಗಳನ್ನು ಹೊತ್ತು ತಂದು ಅಂಗಳದ ಕಲ್ಲುಬಾನಿಯ ಸುತ್ತ ಒಟ್ಟಿದ. ಬಾನಿಗೆ ನೀರು ತುಂಬಿದ. ಒಂದೊಂದೇ ಹೆಂಟೆ ಮುಳುಗಿಸಿ ಕಾಲಿನಿಂದ ತುಳಿಯತೊಡಗಿದ. ಚೆಲ್ಲಿದ ನೀರು ಹರಿದು ಹೊರಗೆ ಒಟ್ಟಿದ್ದ ಹೆಂಟೆಗಳ ಬುಡವನ್ನೂ ತೋಯಿಸಿತು. ಪಾರಮ್ಮ ಕಟ್ಟೆಯ ಮೇಲೆ ಮಣೆ ಹಾಕಿಕೊಂಡು, ಅವನು ಮೊದಲು ಸೋಸಿಕೊಟ್ಟ ನುಣ್ಣನೆಯ ಜೇಡಿಯಿಂದ ಎತ್ತು ತಿದ್ದುತ್ತಿದ್ದಳು. ಒಂದು ಎತ್ತು ಆಗಿತ್ತು. ಭುಜ, ಕೋಡು, ಗಂಗೆದೊಗಲು ಎಲ್ಲ ಬಂದಿತ್ತು. ಜೋಡಿ ಎತ್ತಿಗೆ ಮಣ್ಣು ಮಿದಿಯುತ್ತಿದ್ದಳು.

ಲಕ್ಷ್ಮಣಪ್ಪ ಅಂದು ಬರಿಗೈಯಲ್ಲಿ ಬೇಗ ತಿರುಗಿ ಬಂದ. ರಾಯಚೂರಿಗೆ ಹೊರಟುಬಿಡಬೇಕೆಂದು ನಿರ್ಧಾರ ಮಾಡಿದ್ದ. ಅಂಗಳದ ಬಾಗಿಲಲ್ಲಿ ಕಾಲಿಟ್ಟವನು ಬಾನಿ ನೋಡಿದ, ಅಣ್ಣ ತುಳಿಯುವುದು ನೋಡಿದ. ಉಳಿದಿದ್ದನ್ನೂ ನೀರಲ್ಲಿ ಹಾಕಿ ತುಳಿಯುತ್ತಿದ್ದಾನಲ್ಲ! ಹಲ್ಲು ಕಟಕಟ ಕಡಿದ. ಬೈಯಲು ಬಾಯಿ ತೆರೆದ.

ಆಗ ಕಂಡಿತು.

ತೋಯ್ದ ಹೆಂಟೆಯ ಸಂದಿಯಿಂದ ಅದು ಹೊರಬಂದಿತ್ತು. ಕಟ್ಟೆ ಹತ್ತಿ, ಮಣೆ ಹತ್ತಿ, ಮಣ್ಣಿನ ಎತ್ತಿನ ಬೆನ್ನ ಮೇಲೆ ಬಂದು ನಿಂತಿತ್ತು. ಕಪ್ಪಗೆ, ತೆಳ್ಳಗೆ, ಉದ್ದ ಕಾಲಿನದು. ಮುಖದ ಮುಂದಿನ ಗಿಡ್ಡ ಕೈಗಳೆರಡನ್ನೂ ಮೇಲಕ್ಕೆತ್ತಿತ್ತು. ಆ ಕೈಗಳ ತುದಿ ದಪ್ಪಗಿತ್ತು. ಗಂಡು! ಮೂರು ವರ್ಷ ಕನಸಿನಲ್ಲಿ ಕಂಡ ಗಂಡು, ಕೋಲಿಯೊಳಗೆ ಹೆಂಟೆಯ ಹೊಟ್ಟೆಯಲ್ಲಿ ಬದುಕಿದ್ದು, ಬಾನಿಯ ನೀರನ್ನೇ ಮೊದಲ ಮಳೆ ಎಂದುಕೊಂಡು ಹೊರಗೆ ಬಂದಿತ್ತು.

ಗವಿಸಿದ್ದಪ್ಪನೂ ಕಂಡ. ಬಾನಿಯಿಂದ ಇಳಿದು ಮೂಲೆಯಲ್ಲಿ ಬಿಟ್ಟಿದ್ದ ತನ್ನ ಕಾಲಿನ ಕೆರ ಕೈಗೆತ್ತಿಕೊಂಡ.

"ಅಣ್ಣಾ! ಜೇಡ! ಜೇಡ!" ಲಕ್ಷ್ಮಣಪ್ಪ ಗಂಟಲು ಹರಿಯುವ ಹಾಗೆ ಕೂಗುತ್ತ ಓಡಿಬಂದ. "ಜೇಡಕ್ಕೆ ಏನೂ ಆಗಬಾರದು!"

ಗವಿಸಿದ್ದಪ್ಪ ಕೈ ತಡೆದ. ತಮ್ಮನ ಮಾತು ಕೇಳಿಸಿತ್ತು. ಜೇಡಿಗೆ ಏನೂ ಆಗಬಾರದು. ಹೌದಲ್ಲ, ಎತ್ತಿಗೆ ಪೆಟ್ಟು ತಾಗಿದರೆ ಹಸಿಮಣ್ಣು ಅಪ್ಪಚ್ಚಿಯಾದೀತು. ಎಡಗೈಯಿಂದ ಹುಷಾರಾಗಿ ಎತ್ತನ್ನು ಹಿಡಿದು, ಬೆನ್ನ ಮೇಲಿದ್ದದ್ದನ್ನು ಕೆಳಗೆ ಜಾಡಿಸಿ ಕೆಡವಿ, ಎತ್ತನ್ನು ಆಚೆ ಇಟ್ಟು, ಬಲಗೈಯಲ್ಲಿದ್ದ ಕೆರದಿಂದ ಫಟ್ಟನೆ ಒಂದು ಬಿಟ್ಟ.

ಆಮೇಲೆ ತಮ್ಮನ ಕಡೆ ತಿರುಗಿ, ಎಷ್ಟೋ ದಿನದ ಮೇಲೆ, ನಕ್ಕ.

"ಅಂಜಬ್ಯಾಡೋ. ನಿನ್ನ ಜೇಡಿಗೆ ಏನೂ ಆಗಿಲ್ಲ. ಜ್ಯಾಡ ಬಂದಿತ್ತು, ಹೊಡದೀನಿ."

ಜ್ಯಾಡ.

ಲಕ್ಷ್ಮಣಪ್ಪ ನಡು ಅಂಗಳದಲ್ಲಿ ನಿಂತುಬಿಟ್ಟ. ಜ್ಯಾಡ. ಅವ್ವ ಹೇಳುತ್ತಿದ್ದ ಮಾತು. 'ಮೂಲ್ಯಾಗ ಜ್ಯಾಡ ಕಟ್ಟೈತಿ, ಕಸಬರಗಿ ತಗೊಂಡು ಬಾರೋ ಲಕ್ಷ್ಮಣಾ.' ಈ ಊರಿನಲ್ಲಿ ಜೇಡ ಎಂಬ ಪ್ರಾಣಿಯೇ ಇಲ್ಲ, ಇರುವುದು ಜ್ಯಾಡ. ಜೇಡ ಅಂದರೆ ಇಲ್ಲಿಯ ಕಿವಿಗೆ ಕೇಳುವುದು ಜೇಡಿಮಣ್ಣೊಂದೇ. ಯಮನೂರಸಾಬ ಕಿವುಡನಲ್ಲ. ಅಣ್ಣನ ತಲೆಯಲ್ಲಿ ಜೇಡಿ ಇರಲಿಲ್ಲ. ಓದಲು ಮೈಸೂರಿಗೆ ಹೋದಾಗ ಹಾಸ್ಟೆಲಿನ ಹುಡುಗರು ಇವನ 'ಮನಿ', 'ಸಾಲಿ', 'ಹ್ಯಾಂಗ' ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇವನು ಅವಮಾನಕ್ಕೆ ಕುದ್ದು, ನಾಲಗೆಯನ್ನು ಉಜ್ಜಿ ಉಜ್ಜಿ ತೊಳೆದುಕೊಂಡಿದ್ದ. ಎಷ್ಟು ತೊಳೆದಿದ್ದನೆಂದರೆ ಜೀವ ಬಾಯಿಗೆ ಬಂದ ಹೊತ್ತಿನಲ್ಲೂ, ತನ್ನ ಅಂಗಳದಲ್ಲಿ, ತನ್ನ ಅಣ್ಣನಿಗೆ, ಪುಸ್ತಕದ ಮಾತಿನಲ್ಲಿ ಕೂಗಿದ್ದ.

"ಅಣ್ಣಾ, ಜ್ಯಾಡ" ಎಂದ. "ನಾ ಕೇಳಿದ್ದು ಜ್ಯಾಡನೋ."

ಗವಿಸಿದ್ದಪ್ಪ ಕೆರವನ್ನೊಮ್ಮೆ ನೋಡಿದ, ನೆಲವನ್ನೊಮ್ಮೆ ನೋಡಿದ. "ಇದಾ?"

"ಅದ."

ಪಾರಮ್ಮ ಕೈಯಲ್ಲಿನ ಮಣ್ಣನ್ನು ಮಣೆಗೆ ಅಪ್ಪಳಿಸಿದಳು. ಇಷ್ಟು ದಿನ ಹಲ್ಲು ಕಚ್ಚಿಕೊಂಡಿದ್ದವಳು ಈಗ ಕಟ್ಟೆ ಇಳಿದು ಬಂದಳು.

"ಜ್ಯಾಡ ಅನ್ನಾಕ ನಿನ್ನ ನಾಲಗಿಗೆ ಏನು ಮುಳ್ಳು ಚುಚ್ಚಿತ್ತೇನೋ? ಮೂರು ವರ್ಷಾತು, ಬರ್ತಿ, ಹಳ್ಳಕ್ಕ ಹೊಕ್ಕಿ, ಮಣ್ಣಿನ ಹೆಂಟಿ ಡಬ್ಬಿಗೆ ತುಂಬಿಗೊಂಡು ಹೊಕ್ಕಿ. ಏನೋ ಅದು ಅಂತ ಕೇಳಿದ್ರ 'ಸಂಶೋಧನೆ' ಅಂತಿ. ನಮಗೇನು ತಿಳೀತೈತಿ? ನಮ್ಮ ಹುಡುಗ ಮಣ್ಣು ಓದ್ಯಾನ ಅಂತ ಊರೆಲ್ಲಾ ಹೇಳಿಗೊಂಡು ಅಡ್ಡಾಡೀನಿ ನಾನು! ಒಂದು ದಿನ, ಒಂದ ಒಂದು ದಿನ ನಿಮ್ಮಣ್ಣನ ಕೈ ಹಿಡಕೊಂಡು ಹೋಗಿ, ನೋಡಣ್ಣಾ ಇಲ್ಲಿ ಜ್ಯಾಡ ಐತಿ, ಇದಕ್ಕೊಂದು ಬಾಗಿಲಾ ಐತಿ ಅಂತ ತೋರಿಸಿದ್ಯಾ?"

"ನೀವು ನಗತಿದ್ರಿ, ವೈನಿ. ಇಷ್ಟು ಓದಿಸಿದ್ದು ಜ್ಯಾಡ ಹಿಡ್ಯಾಕೇನು ಅಂತ ನಗತಿದ್ರಿ."

"ನಕ್ರ ನಗತಿದ್ವಿ! ನಕ್ಕು ಕಾಯತಿದ್ವಿ! ನಿಮ್ಮಣ್ಣ ಒಂದು ಮುದ್ದಿ ಮಣ್ಣಿಗೆ ಇಷ್ಟು ಮಾಡಿದಾಂವ, ಜೀವ ಇದ್ದದ್ದಕ್ಕ ಏನು ಮಾಡತಿದ್ದಿಲ್ಲ?"

ಲಕ್ಷ್ಮಣಪ್ಪನ ಸಿಟ್ಟು ಇನ್ನೂ ಹೋಗಿರಲಿಲ್ಲ. ಅದು ಇಷ್ಟು ದಿನ ಊರೂರು ತಿರುಗಿ, ಯಾರ್ಯಾರದೋ ಬಾಗಿಲು ಬಡಿದು, ಕೊನೆಗೆ ತನ್ನ ಮನೆಗೆ ಬಂದು ಕೂತಿತ್ತು. ಬಲಗೈಯೆತ್ತಿ ತನ್ನ ಬಾಯಿಗೆ ತಾನೇ ಬಲವಾಗಿ ಹೊಡೆದುಕೊಂಡ. ಇನ್ನೊಮ್ಮೆ ಎತ್ತಿದ ಕೈಯನ್ನು ಗವಿಸಿದ್ದಪ್ಪ ಹಿಡಿದುಕೊಂಡ.

"ಸಾಕು ಬಿಡು. ಹೊಡದು ಸಾಯಿಸಿದ್ದು ನಾನು. ಇದರಾಗ ಏನರೆ ಉಳದೈತೇನು ನೋಡು ಮೊದಲ."

ನೋಡಿದ. ಮಂಡಿಯೂರಿ, ಭೂತಗನ್ನಡಿ ಹಿಡಿದು ನೋಡಿದ. ಹೊಟ್ಟೆ ಹೋಗಿತ್ತು, ಬೆನ್ನು ಹೋಗಿತ್ತು, ಕಣ್ಣುಗಳಿದ್ದ ದಿಬ್ಬ ಎಲ್ಲಿ ಅಂತ ಹುಡುಕಬೇಕಾಗಿತ್ತು. ಎಡಗಡೆಯ ಗಿಡ್ಡ ಕೈ ಅಂಟುಮಣ್ಣಿಗೆ ಹತ್ತಿಕೊಂಡು ಪುಡಿಯಾಗಿತ್ತು. ಬಲಗಡೆಯದು ಕೆರದ ಅಂಚಿನಾಚೆ ಉಳಿದಿತ್ತು. ತುದಿಯಲ್ಲಿ ಗುಂಡು ಇತ್ತು. ಗುಂಡಿನಿಂದ ಹೊರಟ ಮುಳ್ಳು ಒಮ್ಮೆ ಸುತ್ತಿ, ಕೊನೆಗೆ ಕವಲೊಡೆದಿತ್ತು. ಅಂಥ ಮುಳ್ಳನ್ನು ಯಾವ ಪುಸ್ತಕದಲ್ಲೂ ಯಾರೂ ಬರೆದಿರಲಿಲ್ಲ.

"ಐತಿ" ಎಂದ. "ಒಂದು ಉಳದೈತಿ."

ಗವಿಸಿದ್ದಪ್ಪ ಗಾಜು ಇಸಿದುಕೊಂಡು ತಾನೂ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. "ಇಷ್ಟ ಇಷ್ಟು ಜೀವಕ್ಕ ನನ್ನ ತಲಿಯೊಳಗ ಜೇಡಿ ಐತಿ ಅಂದಿ" ಎಂದ. "ಅಂದದ್ದು ಅಂದಿ. ಅದನ್ನೇನು ನಾ ಮರಿಯೂದಿಲ್ಲ. ಹಿಡಿ, ಸೀಸೆಯೊಳಗ ಹಾಕು."

ಉಳಿದ ಹೆಂಟೆಗಳನ್ನು ಮೂವರೂ ಕೂಡಿ ಬಿಡಿಸಿದರು. ಇನ್ನೊಂದು ಗಂಡು ಸಿಗಲಿಲ್ಲ. ಜೀವ ಇದ್ದ ಹೆಣ್ಣುಗಳು ಕೆಲವು ಸಿಕ್ಕವು. ಅವನ್ನು ಗವಿಸಿದ್ದಪ್ಪ ತಾನೇ ಪುಟ್ಟಿಯಲ್ಲಿ ಹೊತ್ತೊಯ್ದು ಹಳ್ಳದ ಉಳಿದ ಮಣ್ಣಿನಲ್ಲಿ ಬಿಟ್ಟು, ಸುತ್ತ ಜಾಲಿಮುಳ್ಳು ಬಡಿದು, ಗ್ಯಾನಪ್ಪನಿಗೆ ಎಮ್ಮೆ ಬಿಟ್ಟರೆ ಕಾಲು ಮುರಿಯುತ್ತೇನೆಂದು ಹೇಳಿಬಂದ. ಯಾರ ಕಾಲು ಎಂದು ಬಿಡಿಸಿ ಹೇಳಲಿಲ್ಲ.

ರಾಯಚೂರಿನಲ್ಲಿ ಲಕ್ಷ್ಮಣಪ್ಪ ಹಗಲೆಲ್ಲ ಕೂತು ಆ ಜೇಡದ ವರ್ಣನೆ ಬರೆದ. ಹಲ್ಲಿನ ಸಾಲು, ಕಾಲಿನ ಉದ್ದ, ಮುಳ್ಳಿನ ಸುತ್ತು, ಕವಲು. ಗಂಡಿನ ದೇಹ ಜಜ್ಜಿದೆ, ಬಲಗೈ ಮಾತ್ರ ಪೂರ್ತಿಯಾಗಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದ. ಹೆಸರಿಡುವ ಜಾಗ ಬಂದಾಗ ಕ್ಷಣವೂ ಯೋಚಿಸಲಿಲ್ಲ. ವಿದ್ವಾಂಸರು ಲ್ಯಾಟಿನ್ನಿನಲ್ಲಿ ಇಡುವ ಜೋಡಿ ಹೆಸರಿನ ಎರಡನೆಯ ಪದವಾಗಿ ಅವ್ವನ ಮಾತನ್ನು ಕೂರಿಸಿದ: ಜ್ಯಾಡ. ಸೀಸೆಯನ್ನೂ ಬರಹವನ್ನೂ ಒಟ್ಟಿಗೆ ಮದರಾಸಿಗೆ ಕಳಿಸಿದ.

ದಸರೆಗೆ ಊರಿಗೆ ಹೊರಡುವ ದಿನ ಉತ್ತರ ಬಂತು. ಅದನ್ನು ಜೇಬಿನಲ್ಲಿಟ್ಟುಕೊಂಡೇ ಹನುಮಸಾಗರಕ್ಕೆ ಬಂದ. ಬಂದವನ ಮುಖ ನೋಡಿಯೇ ಪಾರಮ್ಮ ಚರಿಗೆ ಕೆಳಗಿಟ್ಟಳು.

"ಯಾಕೋ, ಒಪ್ಪಿಲ್ಲೇನು ಅವರು?"

"ಒಪ್ಯಾರ ವೈನಿ. ಹೊಸಾ ಜಾತಿನ ಅಂತ. ಭಾಳ ಛಲೋ ಕೆಲಸ ಅಂತನೂ ಬರದಾರ."

"ಮತ್ಯಾಕ ಕಣ್ಣು ಕೆಂಪಗಾಗ್ಯಾವು?"

ಲಕ್ಷ್ಮಣಪ್ಪ ಕಾಗದ ಬಿಚ್ಚಿದ. "ಕೊನಿಗೆ ಒಂದು ಸಾಲು ಐತಿ. ಸಣ್ಣ ತಿದ್ದುಪಡಿ ಅಂತ. ನಾ ಇಟ್ಟ ಹೆಸರು ಯಾವ ನಿಘಂಟಿನಾಗೂ ಇಲ್ಲಂತ. ಮೈಸೂರಿನ ತಮ್ಮ ಗೆಳೆಯರನ್ನ ಕೇಳಿದ್ರಂತ. ಜ್ಯಾಡ ಅನ್ನೂದು ಓದು ಬಾರದವರ ತಪ್ಪು ಉಚ್ಚಾರ, ಸರಿಯಾದ ರೂಪ ಜೇಡ ಅಂತ ಅವರು ಹೇಳಿದ್ರಂತ. ಅದಕ್ಕ ಅಚ್ಚಿನಾಗ ಜೇಡ ಅಂತ ತಿದ್ದಿಸ್ತೀನಿ ಅಂದಾರ."

ಗವಿಸಿದ್ದಪ್ಪ ಎತ್ತಿನ ಕೊರಳ ಹಗ್ಗ ಹೊಸೆಯುತ್ತ ಕೂತಿದ್ದ. ಹೊಸೆಯುವುದು ನಿಂತಿತು.

"ತಪ್ಪಂತಾ? ನಮ್ಮವ್ವ ಅಂದದ್ದು ತಪ್ಪಂತಾ?"

"ಹೂಂ."

"ಜೇಡ ಅಂದ ಮ್ಯಾಲೆ ಏನೇನಾತು ಅಂತ ಅವಗ ಬರದಿಲ್ಲೇನು ನೀನು?"

"ಅದನ್ನೆಲ್ಲಾ ಬರ್ಯಾಕ ಬರೂದಿಲ್ಲೋ ಅಣ್ಣಾ ಅದರಾಗ."

"ಯಾಕ ಬರೂದಿಲ್ಲ? ತಗಿ ಕಾಗದ." ಗವಿಸಿದ್ದಪ್ಪ ಎದ್ದು ನಿಂತ. ಅವನ ಕೊರಳ ನರ ಉಬ್ಬಿದ್ದನ್ನು ತಮ್ಮ ಹುಟ್ಟಿದಂದಿನಿಂದ ಕಂಡಿರಲಿಲ್ಲ. "ನಾ ಹೇಳ್ತೀನಿ, ನೀ ಬರಿ. ಆ ದಂಡಿ ನಮ್ಮದು. ಅದನ್ನ ಅಗದಾಂವ ನಾನು. ಹೆಸರು ಜ್ಯಾಡ."

ಲಕ್ಷ್ಮಣಪ್ಪ ಅಂಗಳದಲ್ಲೇ ಕೂತು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅಷ್ಟನ್ನೂ ಬರೆದ. "ಮತ್ತ?" ಎಂದ.

ಗವಿಸಿದ್ದಪ್ಪ ಮೂಲೆಗೆ ಹೋಗಿ ಕೆರ ಮೆಟ್ಟಿಕೊಂಡ.

"ಜೇಡ ಅಂತ ತಿದ್ದಿದ್ರ ಮದರಾಸಕ್ಕ ನಾನ ಬರ್ತೀನಿ ಅಂತ ಬರಿ. ನೀವು ಸೀಸೆಯೊಳಗ ಇಟ್ಟೀರಲ್ಲ, ಆ ಜ್ಯಾಡನ್ನ ಯಾವುದರಿಂದ ಹೊಡದಿದ್ದೆ, ಅದನ್ನ ಮೆಟಗೊಂಡು ಬರ್ತೀನಿ ಅಂತನೂ ಬರಿ."

ಲಕ್ಷ್ಮಣಪ್ಪ ಒಂದಕ್ಷರವನ್ನೂ ತಿದ್ದದೆ ಬರೆದ.